ಹಲ್ಲಿಲ್ಲದ ಗೇರ್‌ಬಾಕ್ಸು

ಸಿವಿಟಿ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕಾರುಗಳ ಮೇಲಿನ ಮೊದಲ ದೂರು ಸದ್ದಿನದು. ಮುಂದಿನ ಲಾರಿಯನ್ನು ಹಿಂದಿಕ್ಕಲೆಂದು ಆಕ್ಸಿಲರೇಟರ್ ಅದುಮಿದರೆ ಎಂಜಿನ್ ಒಮ್ಮೆಲೇ ಅರಚಿ ಅದೇ ಸ್ವರದಲ್ಲಿ ನಿಂತುಬಿಡುತ್ತದೆ. ಕಾರು ಮಾತ್ರ ತನ್ನ ಪಾಡಿಗೆ ತಾನು ವೇಗ ಹಿಡಿಯುತ್ತಿರುತ್ತದೆ. ‘ರಬ್ಬರ್ ಬ್ಯಾಂಡ್’ ಎಂದು ಓಡಿಸುವವರು ಮೂಗು ಮುರಿಯುವುದು ಇದಕ್ಕೇ. ಅನುಭವ ಸುಳ್ಳಲ್ಲ, ಆದರೆ ಆ ಸದ್ದು ಕೆಟ್ಟ ಯಂತ್ರದ್ದಲ್ಲ, ಕೆಲಸವನ್ನು ಸರಿಯಾಗಿ ಮಾಡುತ್ತಿರುವ ಯಂತ್ರದ್ದು. ಸಿವಿಟಿಯ ನಿಜವಾದ ತೊಂದರೆ ಕಿವಿಗೆ ಬೀಳುವುದೇ ಇಲ್ಲ. ಅದು ಉಕ್ಕಿನ ರಾಟೆಗೂ ಉಕ್ಕಿನ ಬೆಲ್ಟಿಗೂ ನಡುವಿನ ಹಿಡಿತದಲ್ಲಿದೆ.

ಯಾವುದೇ ಎಂಜಿನ್ ಒಂದು ಆರ್‌ಪಿಎಂನಲ್ಲಿ ಒಳ್ಳೆಯ ಮೈಲೇಜ್ ಕೊಟ್ಟರೆ ಇನ್ನೊಂದರಲ್ಲಿ ಪೂರ್ತಿ ಶಕ್ತಿ ಕೊಡುತ್ತದೆ. ಐದಾರು ಗೇರುಗಳಿರುವ ಕಾರಿನಲ್ಲಿ ಎಂಜಿನ್ ಈ ಜಾಗಗಳನ್ನು ಹಾದುಹೋಗುತ್ತದೆಯೇ ಹೊರತು ಅಲ್ಲೇ ನಿಲ್ಲಲಾರದು. ಸಿವಿಟಿಯಲ್ಲಿ ಗೇರುಗಳ ಬದಲು ಎರಡು ರಾಟೆಗಳಿವೆ, ಒಂದು ಎಂಜಿನ್ ಕಡೆಗೆ, ಇನ್ನೊಂದು ಚಕ್ರದ ಕಡೆಗೆ. ಒಂದೊಂದು ರಾಟೆಯೂ ಎದುರುಬದುರಾಗಿ ಕೂತ ಎರಡು ಶಂಕುಗಳ ಜೋಡಿ. ಶಂಕುಗಳು ಹತ್ತಿರ ಸರಿದರೆ ನಡುವಿನ ಬೆಲ್ಟ್ ಮೇಲೇರಿ ದೊಡ್ಡ ಸುತ್ತು ಹಾಕುತ್ತದೆ, ದೂರ ಸರಿದರೆ ಒಳಕ್ಕಿಳಿದು ಸಣ್ಣ ಸುತ್ತು. ಒಂದು ರಾಟೆ ಹಿಗ್ಗಿದಷ್ಟು ಇನ್ನೊಂದು ಕುಗ್ಗುತ್ತದೆ, ಹಾಗಾಗಿ ಫಸ್ಟ್ ಗೇರಿಗೂ ಟಾಪ್ ಗೇರಿಗೂ ನಡುವಿನ ಯಾವ ಅನುಪಾತವಾದರೂ ಸಿಗುತ್ತದೆ. ಪೂರ್ತಿ ಅದುಮಿದಾಗ ಕಂಪ್ಯೂಟರು ಎಂಜಿನ್ನನ್ನು ಹೆಚ್ಚು ಶಕ್ತಿಯ ಜಾಗದಲ್ಲಿ ಹಿಡಿದಿಟ್ಟು ರಾಟೆಗಳನ್ನಷ್ಟೇ ಹೊಂದಿಸುತ್ತದೆ, ಸದ್ದು ಏರಿಳಿಯದಿರುವುದು ಅದಕ್ಕೆ. 1993ರಲ್ಲಿ ವಿಲಿಯಮ್ಸ್ ತಂಡ ಫಾರ್ಮುಲಾ ಒನ್ ಕಾರಿನಲ್ಲೇ ಇದನ್ನು ಪರೀಕ್ಷಿಸಿತ್ತು. 1994ರ ನಿಯಮಾವಳಿ ಬಾಗಿಲು ಹಾಕಿದ್ದರಿಂದ ಅದು ರೇಸಿಗಿಳಿಯಲೇ ಇಲ್ಲ. ಈಗಿನ ಹಲವು ಕಾರುಗಳಲ್ಲಿ ಇಲ್ಲದ ಗೇರುಗಳ ನಾಟಕವನ್ನು ಕಂಪನಿಗಳೇ ಆಡಿಸಿ ಆರ್‌ಪಿಎಂ ಏರಿಳಿಸುತ್ತವೆ. ಗಿರಾಕಿಯ ಕಿವಿಯನ್ನು ತಣಿಸಲು ಯಂತ್ರದ ಲಾಭದಲ್ಲಿ ಒಂದಿಷ್ಟು ಬಿಟ್ಟುಕೊಟ್ಟ ಹಾಗಾಯಿತು.

ಇದನ್ನು ಮೊದಲು ದೊಡ್ಡ ಸಂಖ್ಯೆಯಲ್ಲಿ ರಸ್ತೆಗಿಳಿಸಿದ್ದು ನೆದರ್‌ಲೆಂಡ್ಸಿನ ಡಾಫ್ ಕಂಪನಿ. 1958ರ ಡಾಫ್ 600 ಕಾರಿನಲ್ಲಿ ಕಂಪನಿಯ ಸ್ಥಾಪಕ ಹುಬ್ ವಾನ್ ಡೋರ್ನ್ ರಬ್ಬರ್ ಬೆಲ್ಟುಗಳ ‘ವೇರಿಯೊಮ್ಯಾಟಿಕ್’ ಕೂರಿಸಿದ್ದ. ಅದು ಮುಂದಕ್ಕೆ ಓಡುವಷ್ಟೇ ಜೋರಾಗಿ ಹಿಂದಕ್ಕೂ ಓಡಬಲ್ಲದಾದ್ದರಿಂದ ಡಚ್ಚರು ಮುಂದೆ ರಿವರ್ಸ್ ರೇಸನ್ನೇ ನಡೆಸಿದರು! ಆದರೆ ಆ ಕಾರಿನ ಎಂಜಿನ್ 590 ಸಿಸಿಯದು. ಹೆಚ್ಚು ಶಕ್ತಿಯ ಎಂಜಿನ್ನುಗಳಿಗೆ ರಬ್ಬರ್ ಸಾಲದಾಗಿ ಉಕ್ಕಿನ ಬೆಲ್ಟ್ ಬಂತು, 1987ರಲ್ಲಿ ಸುಬಾರು ಜಸ್ಟಿ ಅದರೊಂದಿಗೆ ಮಾರುಕಟ್ಟೆಗಿಳಿಯಿತು. ಈ ಬೆಲ್ಟ್ ನೋಡತಕ್ಕದ್ದು. ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿಗಳನ್ನು ಒಂದರೊಳಗೊಂದು ಸೇರಿಸಿದ ಎರಡು ಬಳೆಗಳು, ಅವಕ್ಕೆ ಒತ್ತೊತ್ತಾಗಿ ಸಿಕ್ಕಿಸಿದ ನೂರಾರು ಉಕ್ಕಿನ ಬಿಲ್ಲೆಗಳು. ಸಾಮಾನ್ಯ ಬೆಲ್ಟ್ ಎಳೆಯುತ್ತದೆ, ಇದು ತಳ್ಳುತ್ತದೆ: ಒಂದು ಬಿಲ್ಲೆ ಮುಂದಿನದನ್ನು ನೂಕಿ, ಅದು ಅದರ ಮುಂದಿನದನ್ನು ನೂಕಿ ಶಕ್ತಿ ದಾಟುತ್ತದೆ.

ಗೇರಿನಲ್ಲಿ ಹಲ್ಲಿಗೆ ಹಲ್ಲು ಕಚ್ಚಿಕೊಂಡಿರುವುದರಿಂದ ಜಾರುವ ಮಾತಿಲ್ಲ. ಇಲ್ಲಿ ಹಲ್ಲೇ ಇಲ್ಲ. ಹಿಟ್ಟಿನ ಗಿರಣಿಯ ಬೆಲ್ಟಿನಂತೆ ಬಿಗಿತವೇ ಆಧಾರ, ಅದೂ ಆಯಿಲ್‌ನಲ್ಲಿ ನೆನೆದ ಉಕ್ಕಿನ ಮೇಲೆ ಉಕ್ಕು. ಜಾರದಿರಲು ಪಂಪೊಂದು ಭಾರೀ ಒತ್ತಡದಲ್ಲಿ ಶಂಕುಗಳನ್ನು ಸದಾ ಅದುಮುತ್ತಿರಬೇಕು. ಆ ಪಂಪಿಗೆ ಬೇಕಾದ ಶಕ್ತಿ ಬರುವುದು ಅದೇ ಎಂಜಿನ್ನಿನಿಂದ. ಸಿವಿಟಿ ಒಂದು ಕೈಯಲ್ಲಿ ಉಳಿಸಿದ ಪೆಟ್ರೋಲಿನಲ್ಲಿ ಒಂದು ಪಾಲು ಇನ್ನೊಂದು ಕೈಯಲ್ಲಿ ಹೋಗುವುದು ಹೀಗೆ. ಒಮ್ಮೆ ಜೋರಾಗಿ ಜಾರಿತೆನ್ನಿ, ರಾಟೆಯ ನುಣುಪು ಮೈಯಲ್ಲಿ ಗೀರು ಬಿದ್ದು, ಲೋಹದ ಪುಡಿ ಆಯಿಲ್ ಸೇರಿ, ವಾಲ್ವುಗಳಲ್ಲಿ ಸಿಕ್ಕಿಕೊಂಡು ಒತ್ತಡ ಕುಸಿಯುತ್ತದೆ, ಆಗ ಇನ್ನಷ್ಟು ಜಾರುತ್ತದೆ. ತುಂಬಿದ ಕಾರು ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಆಯಿಲ್ ಮಿತಿಮೀರಿ ಕಾದರೆ ಕಂಪ್ಯೂಟರು ತಾನಾಗಿ ಎಂಜಿನ್ನಿನ ಶಕ್ತಿ ತಗ್ಗಿಸುತ್ತದೆ. ಲಾರಿಗಳಲ್ಲಿ, ದೊಡ್ಡ ಡೀಸೆಲ್ ಎಸ್‌ಯುವಿಗಳಲ್ಲಿ ಸಿವಿಟಿ ಕಾಣದಿರಲು ಕಾರಣವೂ ಇದೇ; ಅಷ್ಟು ಟಾರ್ಕನ್ನು ಬರೀ ಬಿಗಿತದಿಂದ ದಾಟಿಸುವುದು ಕಷ್ಟ.

ಸ್ಕೂಟರುಗಳಲ್ಲಿ ಇರುವುದೂ ಸಿವಿಟಿಯೇ ಅಲ್ಲವೇ, ಕೈನೆಟಿಕ್ ಹೋಂಡಾ ಕಾಲದಿಂದ ಓಡುತ್ತಿಲ್ಲವೇ ಎಂದು ಕೇಳಬಹುದು. ತತ್ತ್ವ ಒಂದೇ, ಹೊರೆ ಬೇರೆ. ಸ್ಕೂಟರಿನ ರಬ್ಬರ್ ಬೆಲ್ಟ್ ಸವೆದರೆ ಬೀದಿ ಬದಿಯ ಮೆಕ್ಯಾನಿಕ್ ಕವರ್ ಬಿಚ್ಚಿ ಹೊಸದು ಹಾಕಿ ಕಳಿಸುತ್ತಾನೆ. ಕಾರಿನದನ್ನು ಬಿಚ್ಚಿ ಜೋಡಿಸಬಲ್ಲ ಗ್ಯಾರೇಜುಗಳು ಕಡಿಮೆ, ಸಾಮಾನ್ಯವಾಗಿ ಇಡೀ ಗೇರ್‌ಬಾಕ್ಸನ್ನೇ ಬದಲಿಸಬೇಕಾಗುತ್ತದೆ, ಬಿಲ್ಲು ಲಕ್ಷದ ಮಾತು. ಸಿವಿಟಿ ಇದ್ದೂ ವರ್ಷಾನುಗಟ್ಟಲೆ ತಕರಾರಿಲ್ಲದೆ ಓಡಿದ ಕಾರುಗಳು ಬೇಕಾದಷ್ಟಿವೆ ಎಂಬ ಮಾತಿಗೆ ಹೆಚ್ಚು ತೂಕವಿದೆ. ಆದರೆ ತಯಾರಕರ ನಡೆಯನ್ನೇ ನೋಡಿ. 2003ರಿಂದ 2010ರವರೆಗಿನ ಮಾಡೆಲ್‌ಗಳ ಸಿವಿಟಿಗೆ ನಿಸ್ಸಾನ್ ಅಮೆರಿಕದಲ್ಲಿ ವಾರಂಟಿಯನ್ನು 10 ವರ್ಷ ಅಥವಾ 1,20,000 ಮೈಲಿಗೆ ಹಿಗ್ಗಿಸಬೇಕಾಯಿತು. ಟೊಯೊಟಾ 2018ರಲ್ಲಿ ಪ್ರಕಟಿಸಿದ ಹೊಸ ಸಿವಿಟಿಯಲ್ಲಿ ಕಾರು ಹೊರಡುವುದಕ್ಕೆಂದೇ ಹಲ್ಲಿರುವ ಒಂದು ಗೇರನ್ನು ಸೇರಿಸಿತು. ನಿಂತ ಕಾರನ್ನು ಎಳೆಯುವಾಗಲೇ ಬೆಲ್ಟಿನ ಮೇಲೆ ಭಾರ ಹೆಚ್ಚು, ಆ ಹೊತ್ತಿಗೆ ಹಲ್ಲೇ ವಾಸಿ ಎಂದು ಸಿವಿಟಿಯನ್ನು ನೆಚ್ಚಿದ ಕಂಪನಿಯೇ ಒಪ್ಪಿದಂತಾಯಿತು.

ಹೈಬ್ರಿಡ್ ಕಾರುಗಳ ‘ಇ-ಸಿವಿಟಿ’ಯನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನ ಬರೀ ಪೆಟ್ರೋಲ್ ಮಾಡೆಲ್‌ನಲ್ಲಿ ಬೆಲ್ಟಿನ ಸಿವಿಟಿ ಇದೆ. ಅದರ ಹೈಬ್ರಿಡ್ ಮಾಡೆಲ್‌ನಲ್ಲಿ ಬೆಲ್ಟೇ ಇಲ್ಲ, ಎಲೆಕ್ಟ್ರಿಕ್ ಮೋಟರುಗಳೂ ಹಲ್ಲಿನ ಗೇರುಗಳೂ ಸೇರಿ ಆ ಕೆಲಸ ಮಾಡುತ್ತವೆ. ಅರಚುವ ಸದ್ದು ಅಲ್ಲೂ ಕೇಳಬಹುದು, ಜಾರುವ ಭಯವಿಲ್ಲ.

ಹಾಗೆಂದು ಬೆಲ್ಟಿನ ಸಿವಿಟಿ ಬೇಡವೆನ್ನಲಾಗದು. ಹೆಜ್ಜೆಗೊಮ್ಮೆ ನಿಲ್ಲುವ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅಗ್ಗದ ಎಎಂಟಿ ಗೇರ್‌ಬಾಕ್ಸು ಕೊಡುವ ಕುಲುಕಾಟ ಇದರಲ್ಲಿಲ್ಲ. ಕೊಳ್ಳುವವರು ಟೆಸ್ಟ್ ಡ್ರೈವ್‌ನಲ್ಲಿ ಎಂಜಿನ್ ಸದ್ದಿಗೆ ಕಿವಿಗೊಡುವುದಕ್ಕಿಂತ ಗೇರ್‌ಬಾಕ್ಸಿನ ಆಯಿಲ್ ಬಗ್ಗೆ ವಿಚಾರಿಸುವುದು ಮೇಲು. ಜೀವಮಾನವಿಡೀ ಬದಲಿಸಬೇಕಿಲ್ಲ ಎಂದು ಶೋರೂಮಿನಲ್ಲಿ ಹೇಳಿದರೂ ಸರ್ವಿಸ್ ಪುಸ್ತಕದಲ್ಲಿ ಕಠಿಣ ಬಳಕೆಗೆ ಬೇರೆ ಅವಧಿ ಕೊಟ್ಟಿದೆಯೇ ನೋಡಬೇಕು. ಧೂಳು, ಸೆಕೆ, ಟ್ರಾಫಿಕ್, ಘಾಟಿ ಎಂದು ಅಲ್ಲಿ ಪಟ್ಟಿ ಮಾಡಿರುವುದೆಲ್ಲ ನಮ್ಮ ಮಾಮೂಲಿ ಬಳಕೆಯೇ. ಕಾರು ದಾರಿಯಲ್ಲಿ ಕೈಕೊಟ್ಟಾಗ ಹಗ್ಗ ಕಟ್ಟಿ ಎಳೆಸಲೂ ಬಾರದು. ಎಂಜಿನ್ ನಿಂತರೆ ಪಂಪೂ ನಿಂತು ಆಯಿಲಿನ ಒತ್ತಡವಿಲ್ಲದೆ ಬೆಲ್ಟ್ ರಾಟೆಯನ್ನು ಕೆರೆಯುತ್ತದೆ, ಆದ್ದರಿಂದ ಇಡೀ ಕಾರನ್ನು ಹೊತ್ತೊಯ್ಯುವ ಗಾಡಿಯನ್ನೇ ಕರೆಸಬೇಕು.