ಹೈ ಫ್ಯಾಂಟಸಿ ಮತ್ತು ಲೋ ಫ್ಯಾಂಟಸಿ

ಹೈ ಫ್ಯಾಂಟಸಿ ಮತ್ತು ಲೋ ಫ್ಯಾಂಟಸಿ ಎಂಬವು ಅದ್ಭುತ ಕಥಾಸಾಹಿತ್ಯದ ಎರಡು ಪ್ರಭೇದಗಳು. ಕಥೆ ಯಾವ ಲೋಕದಲ್ಲಿ ನಡೆಯುತ್ತದೆ ಎಂಬುದು ಇವುಗಳನ್ನು ಬೇರ್ಪಡಿಸುವ ಮುಖ್ಯ ಲಕ್ಷಣ. ತನ್ನದೇ ಭೂಗೋಳ, ಇತಿಹಾಸ ಮತ್ತು ನಿಯಮಗಳುಳ್ಳ ಕಲ್ಪಿತ ಲೋಕದಲ್ಲಿ ನಡೆಯುವ ಕಥೆಯನ್ನು ಹೈ ಫ್ಯಾಂಟಸಿ ಎನ್ನುತ್ತಾರೆ. ಓದುಗರು ಬದುಕುವ ಈ ಲೋಕದಲ್ಲಿಯೇ, ಅದರ ನಿಯಮಗಳಿಗೆ ಒಗ್ಗದ ಸಂಗತಿಯೊಂದು ತಲೆದೋರಿದರೆ ಅದು ಲೋ ಫ್ಯಾಂಟಸಿ. ಇಲ್ಲಿನ ‘ಹೈ’ ಮತ್ತು ‘ಲೋ’ ಎಂಬ ಪದಗಳು ಕೃತಿಯ ಗುಣಮಟ್ಟವನ್ನು ಸೂಚಿಸುವುದಿಲ್ಲ.

ಪದಗಳ ಹಿನ್ನೆಲೆ

ಜೆ. ಆರ್. ಆರ್. ಟೋಲ್ಕಿನ್ 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಯಕ್ಷಿಣಿ ಕಥೆಗಳನ್ನು ಕುರಿತು ಉಪನ್ಯಾಸ ನೀಡಿದರು. 1947ರಲ್ಲಿ ಪ್ರಬಂಧರೂಪದಲ್ಲಿ ಪ್ರಕಟವಾದ ಆ ಬರಹದಲ್ಲಿ ಅವರು ನಾವಿರುವ ಪ್ರಾಥಮಿಕ ಲೋಕವನ್ನು ಕಥೆಗಾರ ಕಟ್ಟುವ ದ್ವಿತೀಯಕ ಲೋಕದಿಂದ ಪ್ರತ್ಯೇಕಿಸಿದರು. ಅಮೆರಿಕದ ಲೇಖಕ ಲಾಯ್ಡ್ ಅಲೆಗ್ಸಾಂಡರ್ 1971ರ ಪ್ರಬಂಧವೊಂದರಲ್ಲಿ ‘ಹೈ ಫ್ಯಾಂಟಸಿ’ ಎಂಬ ಹೆಸರನ್ನು ಬಳಕೆಗೆ ತಂದರು. ಟಿಮ್, ಝಹೋರ್ಸ್ಕಿ ಮತ್ತು ಬೋಯರ್ 1979ರಲ್ಲಿ ಹೊರತಂದ ಆಕರಗ್ರಂಥವು ಲೋಕಭೇದವನ್ನೇ ಆಧಾರವಾಗಿಟ್ಟುಕೊಂಡು ಎರಡೂ ಪ್ರಭೇದಗಳನ್ನು ನಿರೂಪಿಸಿತು.

ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಮತ್ತು ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ (1968) ಹೈ ಫ್ಯಾಂಟಸಿಯ ಪ್ರಸಿದ್ಧ ಮಾದರಿಗಳು. ಈ. ನೆಸ್ಬಿಟ್ ಅವರ ‘ಫೈವ್ ಚಿಲ್ಡ್ರನ್ ಅಂಡ್ ಇಟ್’ (1902) ಲೋ ಫ್ಯಾಂಟಸಿಗೆ ಸೇರುತ್ತದೆ. ಅದರಲ್ಲಿ ಇಂಗ್ಲೆಂಡಿನ ಸಾಮಾನ್ಯ ಮನೆಯೊಂದರ ಮಕ್ಕಳಿಗೆ ವರ ಕೊಡುವ ಪ್ರಾಣಿಯೊಂದು ಮರಳಿನ ಹಳ್ಳದಲ್ಲಿ ಸಿಗುತ್ತದೆ. ಬೀರುವಿನ ಮೂಲಕ ಬೇರೊಂದು ಲೋಕಕ್ಕೆ ದಾಟುವ ನಾರ್ನಿಯ ಕಥೆಗಳನ್ನೂ, ಈ ಲೋಕದ ಒಳಗೇ ಅಡಗಿದ ಮಾಂತ್ರಿಕ ಸಮಾಜವನ್ನು ಚಿತ್ರಿಸುವ ಹ್ಯಾರಿ ಪಾಟರ್ ಸರಣಿಯನ್ನೂ ಎಲ್ಲಿ ಸೇರಿಸಬೇಕೆಂಬ ಬಗ್ಗೆ ವಿಮರ್ಶಕರಲ್ಲಿ ಒಮ್ಮತವಿಲ್ಲ.

ಕಲ್ಪಿತ ಊರು ಮತ್ತು ಕಲ್ಪಿತ ಲೋಕ

ಸ್ಥಳದ ಹೆಸರು ಕಲ್ಪಿತವಾದ ಮಾತ್ರಕ್ಕೆ ಲೋಕವೂ ಕಲ್ಪಿತವಾಗುವುದಿಲ್ಲ. ಚಂದ್ರಶೇಖರ ಕಂಬಾರರ ಶಿವಾಪುರವಾಗಲಿ, ಪೂರ್ಣಚಂದ್ರ ತೇಜಸ್ವಿಯವರ ಜುಗಾರಿ ಕ್ರಾಸ್ ಆಗಲಿ, ಆರ್. ಕೆ. ನಾರಾಯಣರ ಮಾಲ್ಗುಡಿಯಾಗಲಿ ಭೂಪಟದಲ್ಲಿ ಸಿಗದಿದ್ದರೂ ಇದೇ ಲೋಕದ ಊರುಗಳು. ಅದೇ ರೀತಿ ದೃಶ್ಯದ ವೈಚಿತ್ರ್ಯವೂ ನಿರ್ಣಾಯಕವಲ್ಲ. ಸಕಲೇಶಪುರದ ಮಂಜರಾಬಾದ್ ಕೋಟೆಯನ್ನು ಉದಾಹರಣೆಯಾಗಿ ನೋಡಬಹುದು. ಎಂಟು ಮೂಲೆಗಳ ನಕ್ಷತ್ರಾಕಾರದ ಈ ಕೋಟೆ ಮಂಜಿನಲ್ಲಿ ಮುಳುಗಿರುವಾಗ ಹೈ ಫ್ಯಾಂಟಸಿ ಪುಸ್ತಕವೊಂದರ ಮುಖಪುಟದಂತೆ ಕಾಣುತ್ತದೆ. ಆದರೆ ಅದು ಟಿಪ್ಪು ಸುಲ್ತಾನನ ಕಾಲದಲ್ಲಿ, 1792ರ ವೇಳೆಗೆ, ಫ್ರೆಂಚ್ ಎಂಜಿನಿಯರ್ ವೋಬಾನನ ಮಾದರಿಯಲ್ಲಿ ನಿರ್ಮಾಣಗೊಂಡ ಕೋಟೆ. ಅದರ ಗೋಡೆಯ ಮೇಲೆ ಮಾಯಾವಿಯೊಬ್ಬನನ್ನು ನಿಲ್ಲಿಸಿ ಬರೆದ ಕಥೆ ಲೋ ಫ್ಯಾಂಟಸಿಯಾಗುತ್ತದೆ. ಇಂಥದೇ ಕೋಟೆಯನ್ನು ಹೇಮಾವತಿಯೂ ಟಿಪ್ಪುವೂ ಇಲ್ಲದ ಲೋಕದಲ್ಲಿ ಕಟ್ಟಿದರೆ ಅದು ಹೈ ಫ್ಯಾಂಟಸಿ.

ಅಪರೂಪವಾದುದೂ ಅಸಂಭವವಾದುದೂ ಒಂದೇ ಅಲ್ಲ. ಆಲೂರು, ಸಕಲೇಶಪುರ ತಾಲ್ಲೂಕುಗಳ ಕಾಫಿ ತೋಟಗಳಿಗೆ ಕಾಡಾನೆಗಳು ನುಗ್ಗುವುದು ನಿತ್ಯದ ಸಂಗತಿ. 2023ರ ಡಿಸೆಂಬರಿನಲ್ಲಿ, ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗದೊಡನೆ ಕಾದಾಡಿ ಮೃತಪಟ್ಟಿತು. ದೂರದ ಓದುಗರಿಗೆ ಇದು ಪುರಾಣಕಥೆಯಂತೆ ಕೇಳಿಸಿದರೂ ಇಲ್ಲಿ ಲೋಕನಿಯಮದ ಭಂಗವೇನೂ ಇಲ್ಲ.

ಕನ್ನಡಕ್ಕೆ ಅನ್ವಯಿಸುವಾಗ ಬರುವ ತೊಡಕು

ಕನ್ನಡದ ಕೃತಿಗಳಿಗೆ ಈ ವಿಂಗಡಣೆಯನ್ನು ಅನ್ವಯಿಸುವಾಗ ಗಂಭೀರ ಪ್ರಶ್ನೆಯೊಂದು ಎದುರಾಗುತ್ತದೆ. ಪ್ರಾಥಮಿಕ ಲೋಕದಲ್ಲಿ ದೈವಗಳಿಲ್ಲ ಎಂಬುದನ್ನು ಮೇಲಿನ ವ್ಯಾಖ್ಯೆ ಮೊದಲೇ ಒಪ್ಪಿಕೊಂಡಿದೆ. ಮಲೆನಾಡಿನಲ್ಲಿ ಆ ಒಪ್ಪಂದ ಇಲ್ಲ. ಇಲ್ಲಿನ ತೋಟ ಮತ್ತು ಕಾಡಂಚುಗಳಲ್ಲಿ ಚೌಡಿಗೆ, ಭೂತಕ್ಕೆ, ನಾಗನಿಗೆ ಮೀಸಲಾದ ಕಲ್ಲುಗಳೂ ಬನಗಳೂ ಇವೆ. ಕೊಡಲಿ ಹಾಕಬಾರದ ದೇವರಕಾಡುಗಳಿವೆ. ಪೂಜೆ ತಪ್ಪಿದ್ದಕ್ಕೆ ಚೌಡಿ ಮುನಿದಳು ಎಂಬ ಕಥೆಯನ್ನು ಪೂಜೆ ಸಲ್ಲಿಸುವ ಮನೆಯವರು ಲೋಕನಿಯಮದ ಭಂಗವೆಂದು ಓದುವುದಿಲ್ಲ, ಅದನ್ನು ನಿಯಮದ ಪಾಲನೆಯೆಂದೇ ಓದುತ್ತಾರೆ. ಹೀಗಾಗಿ ಒಂದೇ ಕಥೆ ಒಬ್ಬರಿಗೆ ಲೋ ಫ್ಯಾಂಟಸಿ, ಇನ್ನೊಬ್ಬರಿಗೆ ವಾಸ್ತವ ಕಥನ. ಇಂಥ ಕೃತಿಗೆ ‘ಫ್ಯಾಂಟಸಿ’ ಎಂಬ ಹಣೆಪಟ್ಟಿ ಹಚ್ಚುವುದೆಂದರೆ ಒಂದು ಸಮುದಾಯದ ನಂಬಿಕೆಯ ಬಗ್ಗೆ ತೀರ್ಪು ಕೊಟ್ಟಂತೆಯೇ ಸರಿ.

ಪೌರಾಣಿಕ ಕಥನಗಳನ್ನು ಹೈ ಫ್ಯಾಂಟಸಿ ಎಂದು ಕರೆಯುವುದೂ ಇದೇ ಕಾರಣಕ್ಕೆ ಸಮಂಜಸವಲ್ಲ. ಪುರಾಣವು ಬೇರೆ ಲೋಕದಲ್ಲಲ್ಲ, ಇದೇ ನೆಲದ ಹಿಂದಿನ ಯುಗದಲ್ಲಿ ನಡೆಯಿತೆಂದು ಹೇಳಲಾಗುತ್ತದೆ. ಸಕಲೇಶಪುರ ತಾಲ್ಲೂಕಿನ ಬೆಟ್ಟದ ಭೈರವೇಶ್ವರ ದೇವಾಲಯದ ಸಮೀಪದ ಗುಡ್ಡಕ್ಕೆ ಜನ ಪಾಂಡವರ ಗುಡ್ಡವೆನ್ನುತ್ತಾರೆ. ಮಧ್ಯಭೂಮಿಗೆ ಅಂಥ ಗುಡ್ಡವಿಲ್ಲ. ‘ಚಂದಮಾಮ’ದಲ್ಲಿ ಬರುತ್ತಿದ್ದ ಹೆಸರಿಲ್ಲದ ರಾಜ್ಯಗಳ ರಾಕ್ಷಸ, ಮಾಂತ್ರಿಕರ ಕಥೆಗಳನ್ನು ದ್ವಿತೀಯಕ ಲೋಕಕ್ಕೆ ಹೆಚ್ಚು ಹತ್ತಿರವೆಂದು ಹೇಳಬಹುದು.

ಗಿರೀಶ ಕಾರ್ನಾಡರ ‘ನಾಗಮಂಡಲ’ (1988) ರಚನೆಯ ದೃಷ್ಟಿಯಿಂದ ಲೋ ಫ್ಯಾಂಟಸಿಯ ಲಕ್ಷಣಕ್ಕೆ ಸರಿಹೊಂದುತ್ತದೆ: ಸಾಮಾನ್ಯ ಹಳ್ಳಿಯ ಮನೆ, ಗಂಡನ ರೂಪದಲ್ಲಿ ರಾತ್ರಿ ಬರುವ ನಾಗ. ಆದರೆ ನಾಟಕದಲ್ಲಿ ಊರಿನವರು ನಾಗದಿವ್ಯವನ್ನು ನ್ಯಾಯದ ಕ್ರಮವಾಗಿ ಒಪ್ಪಿಕೊಂಡಿರುವುದರಿಂದ ಅದ್ಭುತವು ಹೊರಗಿನಿಂದ ನುಗ್ಗಿದುದೆಂದು ಹೇಳುವುದು ಕಷ್ಟ.

ಕರ್ವಾಲೊ ಮತ್ತು ಹಾರುವ ಓತಿ

ಸಕಲೇಶಪುರಕ್ಕೆ ಹೊಂದಿಕೊಂಡಿರುವ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ ಬದುಕಿದ ತೇಜಸ್ವಿಯವರ ‘ಕರ್ವಾಲೊ’ (1980) ಈ ಗೆರೆಯ ಅಂಚಿನಲ್ಲಿ ನಿಲ್ಲುವ ಕಾದಂಬರಿ. ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ ಮತ್ತು ನಿರೂಪಕ ಮೊದಲಾದವರು ಗತಯುಗಕ್ಕೆ ಸೇರಿದ ಹಾರುವ ಓತಿಯೊಂದನ್ನು ಅರಸುತ್ತ ಘಟ್ಟದ ಕಾಡು ಹೊಗುತ್ತಾರೆ. ತಂಡ, ದೂರದ ಪಯಣ, ಅಲಭ್ಯವಾದ ಗುರಿ ಇವೆಲ್ಲ ಹೈ ಫ್ಯಾಂಟಸಿಯ ಅನ್ವೇಷಣಾ ಕಥೆಗಳ ಅಂಗಗಳೇ. ಆದರೂ ಕಾದಂಬರಿಯಲ್ಲಿ ಮಾಂತ್ರಿಕವಾದುದು ಏನೂ ಇಲ್ಲ. ಓತಿ ವಿಕಾಸವಾದದ ಪ್ರಶ್ನೆಯಾಗಿಯೇ ಉಳಿದು ಕೊನೆಗೆ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಆದ್ದರಿಂದ ಅದನ್ನು ಎರಡೂ ಪ್ರಭೇದಗಳಿಂದ ಹೊರಗಿಡುವುದೇ ಸೂಕ್ತ.

ಪಶ್ಚಿಮ ಘಟ್ಟದ ಕಾಡುಗಳಲ್ಲೂ ಅಡಿಕೆ ತೋಟಗಳಲ್ಲೂ ಹಾರುವ ಓತಿ ಇಂದಿಗೂ ಇದೆ. ಪಕ್ಕೆಲುಬುಗಳ ಆಧಾರದಿಂದ ಬಿಚ್ಚಿಕೊಳ್ಳುವ ಚರ್ಮದ ಪಟಲದ ನೆರವಿನಿಂದ ಅದು ಮರದಿಂದ ಮರಕ್ಕೆ ತೇಲುತ್ತದೆ. ಅದರ ವೈಜ್ಞಾನಿಕ ಹೆಸರು ಡ್ರಾಕೊ ಡುಸುಮಿಯೆರಿ. ಡ್ರಾಕೊ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಡ್ರ್ಯಾಗನ್. ಹೈ ಫ್ಯಾಂಟಸಿಯ ಅತ್ಯಂತ ಪರಿಚಿತ ಪ್ರಾಣಿಯ ಹೆಸರನ್ನು ಲಿನೇಯಸ್ 1758ರಲ್ಲಿ ಈ ಕುಲದ ಹಲ್ಲಿಗಳಿಗೆ ಇಟ್ಟನು.

ಇತರ ವಿಂಗಡಣೆಗಳು

ಲೋಕಭೇದದ ಬದಲು ಓದುಗರ ಅನುಭವವನ್ನು ಆಧರಿಸಿದ ವಿಂಗಡಣೆಗಳೂ ಇವೆ. ಘಟನೆ ಸಹಜವೋ ಅತಿಮಾನುಷವೋ ಎಂದು ನಿರ್ಧರಿಸಲಾಗದ ಅನುಮಾನದಲ್ಲೇ ಅದ್ಭುತ ಸಾಹಿತ್ಯ ನೆಲೆಸಿದೆ ಎಂದು ಸ್ವೆತಾನ್ ತೊದೊರೊವ್ 1970ರಲ್ಲಿ ವಾದಿಸಿದರು. ಫೆರಾ ಮೆಂಡಲ್‌ಸನ್ 2008ರ ಗ್ರಂಥದಲ್ಲಿ, ಅದ್ಭುತವು ಕಥೆಯ ಲೋಕವನ್ನು ಪ್ರವೇಶಿಸುವ ಬಗೆಯನ್ನು ಅನುಸರಿಸಿ ನಾಲ್ಕು ವರ್ಗಗಳನ್ನು ಗುರುತಿಸಿದರು. ಚೌಡಿಯ ಕಥೆಗಳ ವಿಷಯದಲ್ಲಿ ತೊದೊರೊವ್ ಅವರ ಮಾನದಂಡ ಹೆಚ್ಚು ಪ್ರಯೋಜನಕರ. ಅದು ಲೋಕದ ಸ್ವರೂಪವನ್ನು ಮುಂಚಿತವಾಗಿ ನಿರ್ಧರಿಸದೆ ಅನುಮಾನ ಯಾರಿಗೆ, ಎಲ್ಲಿ ಹುಟ್ಟುತ್ತದೆ ಎಂದು ಕೇಳಲು ಎಡೆಕೊಡುತ್ತದೆ.