ಮುಳುಗಿದ ದೋಣಿಯಂತ್ರದ ಪುನರುಜ್ಜೀವನ

ಹೊಳೆಯು ಕಡಲನ್ನು ಕೂಡುವ ಅಳಿವೆಯ ಬಾಯಿ ದೋಣಿಗಳಿಗೆ ಅಪಾಯದ ಸ್ಥಾನ. ಅಲ್ಲಿ ತೆರೆಯ ಹೊಡೆತಕ್ಕೆ ನಾಡದೋಣಿ ಮಗುಚಿ, ಜನರು ಈಜಿ ದಡ ಸೇರಿದ ಬಳಿಕ ಮೊದಲು ನೆನಪಾಗುವುದು ದೋಣಿಯ ಹಿಂಬದಿಗೆ ಬಿಗಿದಿದ್ದ ಯಂತ್ರ. ಕರಾವಳಿಯ ಸಣ್ಣ ಮೀನುಗಾರನ ಪಾಲಿಗೆ ಅದು ಕೆಟ್ಟಿತೆಂದರೆ ಮನೆಯ ಒಲೆ ಆರಿದಂತೆಯೇ. ನೀರಿನಿಂದ ಎತ್ತಿದ ಯಂತ್ರವನ್ನು ಬಿಸಿಲಿಗಿಟ್ಟು ಒಣಗಿಸುವುದು ಯಾರಿಗಾದರೂ ಸಹಜವಾಗಿ ಹೊಳೆಯುವ ಉಪಾಯ. ಆದರೆ ಮುಳುಗಿದ್ದ ಹೊತ್ತಿಗಿಂತ ಈ ಉಪಚಾರವೇ ಯಂತ್ರಕ್ಕೆ ಹೆಚ್ಚು ಮಾರಕ.

ಈ ಯಂತ್ರದ ಹೆಸರು ಔಟ್‌ಬೋರ್ಡ್ ಮೋಟಾರು. ‘ಬಹಿರ್ಯಂತ್ರ’ವೆಂಬ ಪದವನ್ನು ಟಂಕಿಸುವುದು ಪಂಡಿತರಿಗೆ ಕಷ್ಟವಲ್ಲ, ಕಡಲಿಗಿಳಿಯುವವರು ಅದನ್ನು ಒಪ್ಪಬೇಕಷ್ಟೆ! ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ 1909ರಲ್ಲಿ ಮಿಲ್ವಾಕಿ ನಗರದಲ್ಲಿ ಇಂಥ ಯಂತ್ರಗಳ ಮಾರಾಟವನ್ನು ಆರಂಭಿಸಿದನು. ಅವನ ಹೆಸರಿನ ಯಂತ್ರಗಳ ತಯಾರಿಕೆ 2020ರಲ್ಲಿ ನಿಂತುಹೋಯಿತಾದರೂ, ಮೇಲೆ ಎಂಜಿನ್, ನಡುವೆ ನೆಟ್ಟಗೆ ಇಳಿಯುವ ದಂಡ, ಕೆಳಗೆ ಗೇರು ಮತ್ತು ಪಂಖ ಎಂಬ ವಿನ್ಯಾಸ ಮಾತ್ರ ಇಂದಿಗೂ ಉಳಿದಿದೆ.

ಮುಳುಗಿದ ಯಂತ್ರದ ಸಂಕಟವನ್ನು ಅರಿಯಲು ಶಾಲೆಯ ವಿಜ್ಞಾನ ಪಾಠವೊಂದು ಸಾಕು. ಕುದಿಸಿ ಗಾಳಿಯನ್ನು ಕಳೆದ ನೀರಿನಲ್ಲಿ ಮೊಳೆಯನ್ನಿಟ್ಟು ಮೇಲೆ ಎಣ್ಣೆಯ ಪದರವನ್ನು ಹರಡಿದರೆ ತುಕ್ಕು ಹಿಡಿಯುವುದಿಲ್ಲ. ನೀರೂ ಗಾಳಿಯೂ ಕೂಡಿದಲ್ಲಿ ಹಿಡಿಯುತ್ತದೆ. ಉಪ್ಪು ಸೇರಿದರೆ ಇನ್ನೂ ಬೇಗ. ಮೇಲೆತ್ತಿದ ಯಂತ್ರದ ಒಳಗೆ ಒದಗಿಬರುವುದು ಈ ಮೂರೂ ಸೇರಿದ ಸ್ಥಿತಿಯೇ. ಅದರಲ್ಲಿಯೂ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆಯು ಇಂಧನದೊಡನೆ ಬೆರೆತು ಬರುವುದರಿಂದ ಉಕ್ಕಿನ ಬೇರಿಂಗುಗಳ ಮೇಲೆ ತೆಳುವಾದ ಲೇಪವಷ್ಟೇ ಇರುತ್ತದೆ. ಕೆಲವೇ ಗಂಟೆಗಳಲ್ಲಿ ಅವುಗಳ ನುಣುಪಿನ ಮೇಲೆ ಕಲೆ ಮೂಡತೊಡಗುತ್ತದೆ. ಆದಕಾರಣ ದುರಸ್ತಿಗೆ ಒಡನೆಯೇ ತೊಡಗಲಾಗದಿದ್ದರೆ ಯಂತ್ರವನ್ನು ಸಿಹಿನೀರು ತುಂಬಿದ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿಡಬೇಕು. ವಿಪರೀತವೆಂದು ತೋರಿದರೂ ಗಾಳಿಯನ್ನು ದೂರವಿಡಲು ಇದಕ್ಕಿಂತ ಸುಲಭದ ಮಾರ್ಗವಿಲ್ಲ.

ದುರಸ್ತಿಯ ಕ್ರಮ ಹೀಗೆ: ಮುಚ್ಚಳವನ್ನು ತೆಗೆದು, ಉಪ್ಪೂ ಮರಳೂ ಹೋಗುವಂತೆ ಸಿಹಿನೀರಿನಿಂದ ತೊಳೆಯಬೇಕು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಅವುಗಳ ರಂಧ್ರಗಳು ಕೆಳಮುಖವಾಗುವಂತೆ ಯಂತ್ರವನ್ನು ಮಲಗಿಸಿ, ಫ್ಲೈವೀಲನ್ನು ಕೈಯಿಂದ ಮೆಲ್ಲನೆ ತಿರುಗಿಸಿದರೆ ಒಳಗಿನ ನೀರು ಹೊರಬರುತ್ತದೆ. ಇಲ್ಲಿಯೇ ಎಚ್ಚರ ಅಗತ್ಯ. ಓಡುತ್ತಿರುವಾಗಲೇ ಮುಳುಗಿದ ಯಂತ್ರದಲ್ಲಿ ಪಿಸ್ಟನ್ ನೀರನ್ನು ಒತ್ತಲು ಹೋಗುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಬಾಗುವ ಪಾಳಿ ಕನೆಕ್ಟಿಂಗ್ ರಾಡಿನದು. ಆದುದರಿಂದ ಫ್ಲೈವೀಲು ತಡೆದರೆ ಅಥವಾ ಮರಳಿನ ಗರಗರ ಕೇಳಿಸಿದರೆ ಬಲಪ್ರಯೋಗ ಸಲ್ಲದು. ಆಗ ಎಂಜಿನ್ನನ್ನು ಬಿಚ್ಚಲು ಬಲ್ಲ ಮೆಕ್ಯಾನಿಕನಿಗೆ ಒಪ್ಪಿಸುವುದೇ ಸರಿ.

ಸರಾಗವಾಗಿ ತಿರುಗಿದರೆ ಕಾರ್ಬ್ಯುರೇಟರಿನ ಬಟ್ಟಲನ್ನು ಬರಿದುಮಾಡಿ, ನೀರು ಬೆರೆತ ಹಳೆಯ ಇಂಧನವನ್ನು ತೆಗೆದುಹಾಕಬೇಕು. ಸಿಲಿಂಡರಿಗೆ ತುಸು ಸ್ಪಿರಿಟ್ ಸುರಿದು ತಿರುಗಿಸಿದರೆ ಅದು ಉಳಿದ ತೇವವನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಆ ವೇಳೆ ಬೀಡಿ ಹಚ್ಚಿದವರು ಹತ್ತಿರ ಸುಳಿಯಬಾರದು. ಅನಂತರ ಎಣ್ಣೆ ಹಾಕಿ ಮತ್ತೆ ತಿರುಗಿಸಬೇಕು. ತಂತಿಗಳ ಕೂಡುಗಳನ್ನೂ ಬಿಚ್ಚಿ ತೊಳೆದು ಒಣಗಿಸದಿದ್ದರೆ ಕಿಡಿ ಹುಟ್ಟುವುದಿಲ್ಲ. ಫೋರ್-ಸ್ಟ್ರೋಕ್ ಯಂತ್ರವಾದರೆ ತಳದ ಎಣ್ಣೆಯನ್ನು, ಅದರ ಹಾಲುಬಣ್ಣ ಹೋಗುವವರೆಗೆ, ಮತ್ತೆ ಮತ್ತೆ ಬದಲಿಸುವುದು ಅವಶ್ಯ.

ಹೊಸ ಪ್ಲಗ್ಗುಗಳನ್ನೂ ಹೊಸ ಇಂಧನವನ್ನೂ ಹಾಕಿ, ಯಂತ್ರದ ಕೆಳಭಾಗವನ್ನು ಸಿಹಿನೀರಿನ ಪೀಪಾಯಿಯಲ್ಲಿಳಿಸಿ, ಗೇರು ಹಾಕದೆ ಚಾಲನೆ ಕೊಡಬೇಕು. ತಂಪುನೀರನ್ನು ಮೇಲೇರಿಸುವ ಪಂಪಿನ ರಬ್ಬರ್ ಚಕ್ರ ನೀರಿಲ್ಲದೆ ತಿರುಗಿದರೆ ಬಹುಬೇಗ ಹಾಳಾಗುತ್ತದೆ. ಹೊತ್ತಿಕೊಂಡ ಯಂತ್ರವನ್ನು ಒಡನೆಯೇ ನಿಲ್ಲಿಸದೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಓಡಿಸಿದರೆ ಆ ಬಿಸಿಯೇ ಒಳಗಿನ ತೇವವನ್ನು ಕಳೆಯುತ್ತದೆ. ಕೆಲವು ದಿನಗಳ ತರುವಾಯ ಗೇರು ಪೆಟ್ಟಿಗೆಯ ಎಣ್ಣೆಯನ್ನೂ ಇಳಿಸಿ ನೋಡಬೇಕು. ಅದು ಮಜ್ಜಿಗೆಯಂತೆ ಬೆಳ್ಳಗಿದ್ದರೆ ದಂಡದ ಸೀಲು ಸೋರುತ್ತಿದೆಯೆಂದು ತಿಳಿದು, ಮುಂದಿನ ಸಲ ದೋಣಿಯನ್ನು ಇಳಿಸುವ ಮೊದಲೇ ಬದಲಿಸಬೇಕು.