ಕಡಲಿನ ಅಸಲು, ಕಡಲಿನ ಬಡ್ಡಿ

ಸಮುದ್ರವು ಅಕ್ಷಯಪಾತ್ರೆಯೆಂದು ನಂಬಿದವರು ಕೆನಡಾ ದೇಶದ ನ್ಯೂಫೌಂಡ್‌ಲೆಂಡ್ ತೀರದ ಕಾಡ್ ಮೀನಿನ ವೃತ್ತಾಂತವನ್ನು ತಿಳಿಯಬೇಕು. 1968ರಲ್ಲಿ ಅಲ್ಲಿ ನಾನಾ ದೇಶಗಳ ಟ್ರಾಲರ್ ಹಡಗುಗಳು ಮುಖ್ಯವಾಗಿ ಹಿಡಿದ ಕಾಡ್ ಸುಮಾರು 8 ಲಕ್ಷ ಟನ್. ಮೀನು ಕ್ಷೀಣಿಸುತ್ತಿರುವುದೆಂದು ತೀರದ ಬೆಸ್ತರು 1980ರ ದಶಕದಲ್ಲಿಯೇ ಮೊರೆಯಿಟ್ಟರು, ಅಧಿಕಾರಿಗಳು ಕಿವಿಗೊಡಲಿಲ್ಲ. ಕಡೆಗೆ 1992ರ ಜುಲೈ 2ರಂದು ಸರ್ಕಾರವು ಆ ಮೀನುಗಾರಿಕೆಯನ್ನೇ ನಿಷೇಧಿಸಿತು. ಸುಮಾರು 30 ಸಾವಿರ ಜನರ ಅನ್ನ ಹೋಯಿತು. 32 ವರ್ಷಗಳ ತರುವಾಯ, 2024ರಲ್ಲಿ, ನಿಷೇಧವನ್ನು ತೆಗೆದಾಗ ನಿಗದಿಯಾದ ಮೊತ್ತ 18 ಸಾವಿರ ಟನ್ ಮಾತ್ರ!

ವ್ಯಾಪಾರದ ಬಲೆಗೆ ಮಾತ್ರವಲ್ಲ, ವಿನೋದದ ಗಾಳಕ್ಕೂ ಅಲ್ಲಿ ಕಟ್ಟುಂಟು: ಆ ವರ್ಷ ತಲೆಗೆ ದಿನಕ್ಕೆ 5 ಮೀನು, ದೋಣಿಗೆ 15. ಇದು ನ್ಯಾಯವೇ. ಒಂದು ಗಾಳವು ಕಡಲನ್ನು ಬರಿದುಮಾಡದು. ಸಾವಿರ ಗಾಳಗಳು ಕೂಡಿದರೆ ಅದೂ ಬಲೆಯೇ. ಬಡ್ಡಿಯನ್ನು ಉಣ್ಣುವವನು ಬಾಳುವನು. ಅಸಲಿಗೆ ಕೈಹಾಕಿದವನು ಮಕ್ಕಳನ್ನು ಉಪವಾಸ ಕೆಡಹುವನು.